ಸುಟ್ಟ ಮರದಲ್ಲಿ ಕಾಡ್ಗಿಚ್ಚಿನ ಗಾಯ: ಹಲಗೆ ಆಯ್ದುಕೊಳ್ಳುವುದರಿಂದ ಗೋಡೆಗೆ ಏರಿಸುವವರೆಗೆ

ಮರ ಸುಟ್ಟು ಕೃತಿ ಮಾಡುವವರಿಂದ ಮೂರು ದೂರುಗಳು ಮತ್ತೆ ಮತ್ತೆ ಬರುತ್ತವೆ. ಸುಟ್ಟ ಹಲಗೆ ಮಾರನೆಯ ದಿನ ದೋಣಿಯಂತೆ ಬಾಗಿತು. ಕಪ್ಪು ಪದರ ಮುಟ್ಟಿದಲ್ಲೆಲ್ಲ ಕೈಗೆ ಬಂತು. ಬೆಳ್ಳಗೆ ಉಳಿಸಬೇಕೆಂದಿದ್ದ ಜಾಗಕ್ಕೆ ಮಸಿ ಇಳಿದು ಇಡೀ ಕೃತಿ ಮಂಕಾಯಿತು. ಈ ಮೂರನ್ನೂ ಬೆಂಕಿಯ ತಪ್ಪೆಂದು ತಿಳಿದು ಜನ ಮರ ಸುಡುವ ಗ್ಯಾಸ್ ಟಾರ್ಚ್ ಬದಲಿಸುತ್ತಾರೆ. ಎಡವಟ್ಟು ಆಗಿರುವುದು ಬೆಂಕಿ ಹಚ್ಚುವುದಕ್ಕೆ ಮೊದಲು, ಇಲ್ಲವೇ ಆರಿಸಿದ ಮೇಲೆ. ಸುಡುವುದು ಇಪ್ಪತ್ತು ನಿಮಿಷದ ಕೆಲಸ; ಉಳಿದದ್ದಕ್ಕೆ ವಾರಗಳು ಬೇಕು.

ಇಲ್ಲಿ ಮಾಡಲು ಹೊರಟಿರುವುದು ಒಂದು ಉಬ್ಬುಕೆತ್ತನೆ: ಕಾಡ್ಗಿಚ್ಚು ದಾಟಿಹೋದ ಮೇಲೂ ಬದುಕುಳಿದ ಮರದ ಬುಡದಲ್ಲಿ ಕಾಣುವ ಗಾಯ. ನೆಲಬೆಂಕಿ ಮರದ ಪಕ್ಕ ಹಾದುಹೋಗುವಾಗ ತೊಗಟೆಯೊಳಗಿನ ತೆಳುವಾದ ಜೀವಂತ ಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಸಾಯುತ್ತದೆ. ಆ ಮಗ್ಗುಲಿನ ತೊಗಟೆ ಉದುರಿ ಬುಡದಲ್ಲಿ ಅಗಲವಾಗಿ, ಮೇಲಕ್ಕೆ ಚೂಪಾಗಿ, ತ್ರಿಕೋನಾಕಾರದ ಕಪ್ಪು ಗುಳಿ ಉಳಿಯುತ್ತದೆ. ಸುತ್ತಲಿನ ಜೀವಂತ ಮರ ಎರಡೂ ಬದಿಯಿಂದ ತುಟಿಗಳ ಹಾಗೆ ಸುರುಳಿ ಸುತ್ತಿಕೊಂಡು ಗುಳಿಯನ್ನು ಮುಚ್ಚಲು ಬರುತ್ತದೆ. ಮುಚ್ಚುವಷ್ಟರಲ್ಲಿ ಮತ್ತೊಂದು ಬೆಂಕಿ ಬಂದರೆ ತುಟಿಯ ಮೇಲೆ ಇನ್ನೊಂದು ಮೆಟ್ಟಿಲು. ಎರಡು ಗಾಯಗಳ ನಡುವಿನ ಬೆಳವಣಿಗೆಯ ಉಂಗುರಗಳನ್ನು ಎಣಿಸಿದರೆ ಎಷ್ಟು ವರ್ಷಕ್ಕೊಮ್ಮೆ ಕಾಡು ಹೊತ್ತಿತ್ತೆಂದು ಗೊತ್ತಾಗುತ್ತದೆ. ದೈತ್ಯ ಸೆಕೋಯಾ ಮರಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಇಂಥ ಗಾಯಗಳು ಓದಲು ಸಿಕ್ಕಿವೆ.

ಅಂದರೆ ಕಪ್ಪು ಗುಳಿ ಅರ್ಧ ಚಿತ್ರ ಮಾತ್ರ. ಬೆಂಕಿ ತಾಗದ ತುಟಿಗಳು ಬೆಳ್ಳಗೆ ಉಳಿದರೇ ಅದು ಗಾಯದಂತೆ ಕಾಣುವುದು, ಇಲ್ಲದಿದ್ದರೆ ಬರೀ ಸೌದೆ.

ಬೇಕಾದ ಸಾಮಾನು

ಉದ್ದ ಕೊಳವೆಯ ಗ್ಯಾಸ್ ಟಾರ್ಚ್ ಒಂದು, ಮೂಲೆಗಳಿಗೆ ಕೈಯಲ್ಲಿ ಹಿಡಿಯುವ ಚಿಕ್ಕ ಟಾರ್ಚ್ ಇನ್ನೊಂದು. ಅಗಲ ಉಳಿ, ಅರೆಚಂದ್ರ ಬಾಯಿಯ ಉಳಿ, ಕೊಡತಿ. ಹಿತ್ತಾಳೆ ತಂತಿಯ ಬ್ರಷ್, ನೈಲಾನ್ ಬ್ರಷ್. ಅಲ್ಯೂಮಿನಿಯಂ ಹಾಳೆ, ಹಸಿ ಜೇಡಿಮಣ್ಣು, ತೆಳು ಕಬ್ಬಿಣದ ತಗಡು. ಮಂಜಿನಂತೆ ನೀರು ಚಿಮ್ಮಿಸುವ ಬಾಟಲಿ, ತುಂಬಿದ ಎರಡು ಬಕೆಟ್ ನೀರು, ಸಾಧ್ಯವಾದರೆ ನೀರಿನ ಪೈಪ್. ಹಲಗೆಯನ್ನು ನೆಲದಿಂದ ಎತ್ತಿಡಲು ನಾಲ್ಕು ಇಟ್ಟಿಗೆ.

ಮೈಮೇಲೆ ದಪ್ಪ ಹತ್ತಿಬಟ್ಟೆ, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ. ಪಾಲಿಯೆಸ್ಟರ್ ತೊಟ್ಟು ಟಾರ್ಚ್ ಹಿಡಿಯಬೇಡಿ; ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬ್ರಷ್ ಉಜ್ಜುವಾಗ ಇದ್ದಿಲ ಪುಡಿಗೆ ಎನ್95 ಮಾಸ್ಕ್ ಸಾಕು. ಸುಡುವಾಗಿನ ಹೊಗೆಯಲ್ಲಿರುವ ಅನಿಲಗಳನ್ನು ಅದು ತಡೆಯುವುದಿಲ್ಲ, ಆದ್ದರಿಂದ ಗಾಳಿ ಬೀಸುವ ಕಡೆ ಬೆನ್ನು ಕೊಟ್ಟು ನಿಂತು ಹೊಗೆಯಿಂದ ದೂರವಿರಿ.

1. ದಿನ ಮತ್ತು ಜಾಗ

ಕಾಡ್ಗಿಚ್ಚಿನ ಕೃತಿ ಮಾಡಲು ಹೋಗಿ ಕಾಡ್ಗಿಚ್ಚು ಹಚ್ಚಿದ ಅಪಖ್ಯಾತಿ ಬೇಡ. ಬೆಂಕಿ ನಿಷೇಧವಿರುವ ದಿನ, ಒಣಗಾಳಿ ಬೀಸುವ ದಿನ, ಮರದೆಲೆ ಒಂದೇ ಸಮನೆ ಅಲುಗಾಡುವಷ್ಟು ಗಾಳಿಯಿರುವ ದಿನ ಕೆಲಸ ಮುಂದೂಡಿ. ಕಲ್ಲು, ಕಾಂಕ್ರೀಟ್ ಅಥವಾ ಬರಿ ಮಣ್ಣಿನ ನೆಲ ಇರಲಿ. ಸುತ್ತ ಮೂರು ಮೀಟರ್ ಒಣಹುಲ್ಲು, ತರಗೆಲೆ, ಮರದ ಪುಡಿ ಏನೂ ಇರಬಾರದು. ಸಂಜೆ ಶುರು ಮಾಡಬೇಡಿ. ಆರಿಸಿದ ಮೇಲೆ ನಾಲ್ಕು ಗಂಟೆ ಕಣ್ಣಿಡಬೇಕಾಗುತ್ತದೆ, ಆದ್ದರಿಂದ ಬೆಳಗ್ಗೆಯೇ ಒಳ್ಳೆಯದು.

2. ಹಲಗೆ ಆಯ್ದುಕೊಳ್ಳುವುದು

ಪೈನ್, ದೇವದಾರು, ಸೈಪ್ರಸ್ ಮೊದಲ ಪ್ರಯತ್ನಕ್ಕೆ ತಕ್ಕವು. ಇವುಗಳ ಉಂಗುರದಲ್ಲಿ ಬೇಗ ಬೆಳೆದ ಭಾಗ ಮೆತ್ತಗೆ, ನಿಧಾನವಾಗಿ ಬೆಳೆದ ಭಾಗ ಗಟ್ಟಿ. ಸುಟ್ಟು ಉಜ್ಜಿದಾಗ ಮೆತ್ತನೆಯದು ಸವೆದು ಗಟ್ಟಿಯದು ಏಣಿನಂತೆ ಎದ್ದು ನಿಲ್ಲುತ್ತದೆ. ಉಂಗುರದ ವ್ಯತ್ಯಾಸವೇ ಕಾಣದ ನುಣುಪು ಮರದಲ್ಲಿ ಎಷ್ಟು ಉಜ್ಜಿದರೂ ಕಪ್ಪು ಬಯಲು.

ಅಳತೆ: ಎತ್ತರ 60 ಸೆಂ.ಮೀ., ಅಗಲ 25 ಸೆಂ.ಮೀ., ದಪ್ಪ 40 ಮಿ.ಮೀ. ದಪ್ಪದಲ್ಲಿ ಚೌಕಾಸಿ ಬೇಡ. 20 ಮಿ.ಮೀ. ಹಲಗೆಯಲ್ಲಿ ಗುಳಿ ಕೊರೆದು ಸುಟ್ಟರೆ ಬಾಗುವುದು ಖಚಿತ. ಎಳೆ ನೇರವಾಗಿ ಬುಡದಿಂದ ತುದಿಗೆ ಓಡುತ್ತಿರಲಿ. ಗುಳಿ ಬರುವ ಜಾಗದಲ್ಲಿ ಗಂಟು ಬೇಡ. ಗಂಟಿನೊಳಗಿನ ರಾಳ ಕುದಿದು ಸಿಡಿಯುತ್ತದೆ.

ಮುಟ್ಟಲೇಬಾರದ ಮರಗಳಿವೆ. ಹಸಿರು ಛಾಯೆಯ, ಔಷಧಿ ಕುಡಿಸಿದ ಹಳೆಯ ಹಲಗೆಗಳಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರಬಹುದು; ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ವಿಷ. ಬಣ್ಣ ಬಳಿದದ್ದು, ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಬೇಡ. ಕಣಗಿಲೆಯ ಕೊಂಬೆ ಚಂದವಿದೆಯೆಂದು ಸುಡಬೇಡಿ, ಅದರ ಹೊಗೆಯೂ ವಿಷ. ಬೆರಳುಗುರು ಒತ್ತಿದರೆ ಇಳಿಯುವಷ್ಟು ಕೊಳೆತ ಭಾಗವಿರುವ ಹಲಗೆಯನ್ನೂ ಬಿಡಿ. ಕಾರಣ ಏಳನೇ ಹಂತದಲ್ಲಿದೆ.

ನಿಜವಾಗಿಯೂ ಸುಟ್ಟ ಕಾಡಿನಿಂದ ದಿಮ್ಮಿ ತರಬೇಕೆಂಬ ಆಸೆ ಹಲವರಿಗೆ. ಅನುಮತಿ ಇಲ್ಲದೆ ಬೇಡ. ಬೆಂಕಿಯಲ್ಲಿ ಸತ್ತು ನಿಂತಿರುವ ಮರಗಳು ಗಾಳಿಯಿಲ್ಲದೆಯೂ ಉರುಳುತ್ತವೆ. ಮೇಲಾಗಿ ಅವು ಖಾಲಿ ಮರಗಳಲ್ಲ; ಸುಟ್ಟ ಮರದ ಹುಳುಗಳನ್ನೇ ನಂಬಿ ಬದುಕುವ ಮರಕುಟಿಕ ಜಾತಿಗಳಿವೆ.

3. ತೇವ ಅಳೆಯುವುದು

ಬಾಗುವಿಕೆಗೆ ಮುಖ್ಯ ಕಾರಣ ಇದೇ. ಹಲಗೆಯ ಒಂದು ಮೈಗೆ ಬೆಂಕಿ ಕೊಟ್ಟಾಗ ಆ ಮೈಯ ತೇವ ಹೋಗಿ ಕುಗ್ಗುತ್ತದೆ, ಹಿಂಬದಿ ಹಾಗೇ ಇರುತ್ತದೆ. ಹಲಗೆ ಸುಟ್ಟ ಕಡೆಗೆ ಬಟ್ಟಲಾಗುತ್ತದೆ. ತೇವ ಶೇ. 12ಕ್ಕಿಂತ ಕಡಿಮೆ ಇದ್ದರೆ ಕುಗ್ಗುವುದೂ ಕಡಿಮೆ.

ಮುಳ್ಳಿನ ತೇವಮಾಪಕವಿದ್ದರೆ ಸುಲಭ. ಇಲ್ಲದಿದ್ದರೆ ಅದೇ ಹಲಗೆಯ ತುದಿಯಿಂದ ಒಂದು ಗೇಣು ಒಳಗೆ ಚಿಕ್ಕ ತುಂಡು ಕೊಯ್ದು ತೂಗಿ. (ತುದಿ ಬೇಗ ಒಣಗಿರುತ್ತದೆ, ಅದರ ಲೆಕ್ಕ ಸುಳ್ಳು ಹೇಳುತ್ತದೆ.) ಆ ತುಂಡನ್ನು 103 ಡಿಗ್ರಿಯ ಓವನ್ನಿನಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 230 ಗ್ರಾಂ ಇದ್ದದ್ದು 200 ಗ್ರಾಂಗೆ ಇಳಿದರೆ ತೇವ ಶೇ. 15. ಇನ್ನೂ ಕಾಯಬೇಕು.

ಕಾಯಲಾರದೆ ಹಲಗೆಯನ್ನು ಟಾರ್ಚಿನಿಂದಲೇ "ಒಣಗಿಸುವವರು" ಇದ್ದಾರೆ. ಹೊರಮೈ ಒಣಗಿ ಒಳಗೆ ತೇವ ಸಿಕ್ಕಿಹಾಕಿಕೊಂಡು, ಆಮೇಲೆ ಬಂದೂಕಿನ ಸದ್ದು ಮಾಡಿ ಸೀಳುತ್ತದೆ.

4. ರೂಪ ಕೆತ್ತುವುದು

ಮೊದಲು ಪೆನ್ಸಿಲ್‌ನಲ್ಲಿ ತ್ರಿಕೋನ ಬರೆಯಿರಿ: ಬುಡದಲ್ಲಿ ಸುಮಾರು 14 ಸೆಂ.ಮೀ. ಅಗಲ, ಎತ್ತರ 40 ಸೆಂ.ಮೀ. ಸರಿಸಮ ತ್ರಿಕೋನ ಬೇಡ. ಇಳಿಜಾರಿನ ಮರಗಳಲ್ಲಿ ಗಾಯ ಹೆಚ್ಚಾಗಿ ಏರುದಿಕ್ಕಿನ ಮಗ್ಗುಲಲ್ಲಿರುತ್ತದೆ: ಉರುಳಿಬಂದ ಕಸಕಡ್ಡಿ ಅಲ್ಲಿ ತಡೆದು ನಿಂತಿರುತ್ತದೆ, ಕೆಳಗಿನಿಂದ ಏರಿಬರುವ ಜ್ವಾಲೆ ಕಾಂಡದ ಹಿಂದೆ ಸುಳಿಯಾಗಿ ಸುತ್ತುತ್ತದೆ. ಹಾಗಾಗಿ ತುದಿ ಒಂದು ಕಡೆಗೆ ವಾಲಿದ್ದರೆ ನಂಬಿಕೆ ಬರುತ್ತದೆ.

ಗುಳಿಯನ್ನು ಬುಡದಲ್ಲಿ 20 ಮಿ.ಮೀ. ಆಳದಿಂದ ಶುರು ಮಾಡಿ ಮೇಲಕ್ಕೆ ಸೊನ್ನೆಗೆ ತನ್ನಿ. ತುಟಿಗಳನ್ನು ಗುಂಡಗೆ ಮಾಡಿ, ಆದರೆ ಕೊನೆಯ ಅಳತೆಗಿಂತ 3 ಮಿ.ಮೀ. ಮೈ ಹೆಚ್ಚಿಗೆ ಉಳಿಸಿ. ಈ ಮಾತು ಮರೆತವರೇ ಆಮೇಲೆ ಉಪ್ಪುಕಾಗದ ಹಿಡಿದು ಮಸಿ ತೆಗೆಯಲು ಒದ್ದಾಡುವುದು. ಬೆಳ್ಳನೆಯ ಭಾಗ ಎಷ್ಟೇ ಮರೆ ಕಟ್ಟಿದರೂ ಸ್ವಲ್ಪ ಕಂದುತ್ತದೆ. ಆ 3 ಮಿ.ಮೀ. ಕೊನೆಗೆ ಕೆತ್ತಿ ಬಿಸಾಡುವ ಚರ್ಮ.

ಎರಡು ಬೆಂಕಿಗಳನ್ನು ತೋರಿಸುವುದಾದರೆ ತುಟಿಯ ಒಳಅಂಚಿನಲ್ಲಿ ಒಂದು ಮೆಟ್ಟಿಲು ಬಿಡಿ. ಮೆಟ್ಟಿಲುಗಳ ನಡುವಿನ ಅಂತರ ಮನಸ್ಸಿಗೆ ಬಂದಷ್ಟಲ್ಲ. ಹತ್ತಿರ ಹತ್ತಿರ ಇಟ್ಟರೆ ಅದು ಆಗಾಗ ಸಣ್ಣ ನೆಲಬೆಂಕಿ ಹಾಯುವ ಕಾಡು, ಅಮೆರಿಕದ ಪಾಂಡೆರೋಸಾ ಪೈನ್ ಕಾಡಿನಂಥದ್ದು. ಶತಮಾನಕ್ಕೊಮ್ಮೆ ಬಂದು ಎಲ್ಲವನ್ನೂ ನುಂಗುವ ಬೆಂಕಿಯ ಕಾಡಿನಲ್ಲಿ ಗಾಯ ಹೊತ್ತು ಬದುಕುವ ಮರಗಳೇ ಕಡಿಮೆ. ನಿಮ್ಮ ಹಲಗೆ ಯಾವ ಕಾಡಿನ ಮಾತಾಡುತ್ತಿದೆ ಎಂಬುದನ್ನು ಉಳಿ ಎತ್ತುವ ಮೊದಲು ಗೊತ್ತುಮಾಡಿಕೊಳ್ಳಿ.

5. ಮರೆ ಕಟ್ಟುವುದು

ತುಟಿಗಳ ಮೇಲೆ ಮೊದಲು ಅಲ್ಯೂಮಿನಿಯಂ ಹಾಳೆ ಒತ್ತಿ ಕೂರಿಸಿ. ಅದರ ಮೇಲೆ ಹಸಿ ಜೇಡಿಮಣ್ಣು, ಒಂದು ಬೆರಳು ದಪ್ಪ. ಚಪ್ಪಟೆ ಭಾಗಗಳಿಗೆ ಮಣ್ಣಿನ ಮೇಲೆ ತಗಡು.

ಬರೀ ಹಾಳೆ ಸಾಲದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಟಾರ್ಚಿನ ಜ್ವಾಲೆ ಅದಕ್ಕಿಂತ ಬಹಳ ಬಿಸಿ. ಬರೀ ಹಸಿಮಣ್ಣೂ ಸಾಲದು, ಅದರ ನೀರು ಮರಕ್ಕಿಳಿದು ಮೂರನೇ ಹಂತದ ಕಾಯುವಿಕೆಯನ್ನೆಲ್ಲ ಹಾಳುಮಾಡುತ್ತದೆ. ಮಣ್ಣು ಮೆತ್ತಿ ರಾತ್ರಿಯಿಡೀ ಬಿಡಬೇಡಿ. ಮೆತ್ತಿದ ಅರ್ಧ ಗಂಟೆಯೊಳಗೆ ಸುಡಿ.

ಮಣ್ಣಿನ ಅಂಚನ್ನು ಚಾಕುವಿನಿಂದ ನೇರ ಕತ್ತರಿಸಬೇಡಿ. ಬೆರಳಿನಿಂದ ತೀಡಿ ತೆಳುಮಾಡುತ್ತ ಬಂದರೆ ಕಪ್ಪಿನಿಂದ ಬಿಳಿಗೆ ಹೋಗುವ ಜಾಗದಲ್ಲಿ ತುಕ್ಕಿನ ಬಣ್ಣ, ಆಮೇಲೆ ಜೇನಿನ ಬಣ್ಣ ತಾನಾಗಿ ಬರುತ್ತದೆ. 1988ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುಮಾರು ಶೇ. 36 ಭಾಗಕ್ಕೆ ಬೆಂಕಿ ತಗುಲಿತು. ಅಲ್ಲೂ ಪೂರ್ತಿ ಕರಿಕಾದ ಜಾಗ, ಎಲೆ ಕಂದಿದ ಜಾಗ, ಏನೂ ಆಗದ ಹಸಿರು ಪಟ್ಟಿ ಒಂದರ ಪಕ್ಕ ಒಂದಿದ್ದವು. ಬೆಂಕಿ ಸರಳರೇಖೆಯಲ್ಲಿ ನಿಲ್ಲುವುದಿಲ್ಲ.

6. ಸುಡುವುದು

ಮೊದಲು ಹಲಗೆಯ ಹಿಂಬದಿ. ಎಲ್ಲರೂ ಬಿಡುವ ಹೆಜ್ಜೆ ಇದು. ಹಿಂಬದಿಯ ಇಡೀ ಮೈಯನ್ನು ಹಗುರವಾಗಿ, ಒಂದು ಮಿ.ಮೀ.ಗಿಂತ ಕಡಿಮೆ ಆಳಕ್ಕೆ ಕಪ್ಪಾಗಿಸಿ. ಎರಡೂ ಬದಿಯ ತೇವ ಹೋದರೆ ಎಳೆದಾಟ ಸಮವಾಗುತ್ತದೆ.

ಆಮೇಲೆ ಮುಂಬದಿ. ಹಲಗೆಯನ್ನು ಇಟ್ಟಿಗೆಗೆ ಒರಗಿಸಿ ನಿಲ್ಲಿಸಿ, ಗುಳಿಯ ಬುಡದಿಂದ ಮೇಲಕ್ಕೆ ಹೋಗಿ. ಜ್ವಾಲೆಯೊಳಗೆ ಕಾಣುವ ನೀಲಿ ಮೊನೆ ಮರಕ್ಕೆ ತಾಗಬಾರದು, ಮೂರು ನಾಲ್ಕು ಬೆರಳು ದೂರವಿರಲಿ. ಎಳೆಯ ಉದ್ದಕ್ಕೂ ನಿಧಾನವಾಗಿ ಸಾಗಿ. ಒಂದೇ ಕಡೆ ನಿಲ್ಲಿಸಬೇಡಿ.

ಹತ್ತಿರದಿಂದ ನೋಡಿದರೆ ಮೈ ಒಮ್ಮೆಗೇ ಕಪ್ಪಾಗುವುದಿಲ್ಲ. ಮೊದಲು ಬೆವರಿದಂತೆ ಮಿನುಗುತ್ತದೆ, ಕೊನೆಯ ತೇವ ಹೊರಬರುತ್ತಿರುತ್ತದೆ. ಆಮೇಲೆ ಮೆತ್ತನೆಯ ಉಂಗುರಗಳು ಕಂದುತ್ತವೆ, ಗಟ್ಟಿ ಉಂಗುರಗಳು ಇನ್ನೂ ಬೆಳ್ಳಗೆ. ಕ್ಷಣಕಾಲ ಹಲಗೆಯ ತುಂಬ ಗೆರೆ ಎಳೆದಂತೆ ಕಾಣುತ್ತದೆ. ಸುಮಾರು 300 ಡಿಗ್ರಿ ಮುಟ್ಟಿದಲ್ಲಿ ಇದ್ದಿಲು. ಮೈಮೇಲೆ ಚಿಕ್ಕ ಹಳದಿ ಜ್ವಾಲೆಗಳು ತಾವಾಗಿ ಓಡಾಡಲು ಶುರುಮಾಡುತ್ತವೆ. ಟಾರ್ಚ್ ಆಚೆ ತಿರುಗಿಸಿದ ಮೇಲೂ ಅವು ಹತ್ತು ಸೆಕೆಂಡ್ ನಿಂತರೆ ಆ ಜಾಗಕ್ಕೆ ಸಾಕು.

ಆಳದ ಲೆಕ್ಕ: ಕಟ್ಟಡಗಳ ಅಗ್ನಿ ಲೆಕ್ಕಾಚಾರದಲ್ಲಿ ಮೆದು ಮರ ನಿಮಿಷಕ್ಕೆ ಸುಮಾರು 0.65 ಮಿ.ಮೀ. ಇದ್ದಿಲಾಗುತ್ತದೆಂದು ಹಿಡಿಯುತ್ತಾರೆ. ಇದ್ದಿಲು ತಾನೇ ಕಂಬಳಿಯಂತೆ ಶಾಖ ತಡೆಯುವುದರಿಂದ ಒಳಗಿನ ಮರ ನಿಧಾನವಾಗಿ ಬೇಯುತ್ತದೆ. "ಇನ್ನೂ ಆಳಕ್ಕೆ ಹೋಗುತ್ತಿಲ್ಲ" ಎಂದು ಟಾರ್ಚನ್ನು ಹತ್ತಿರ ಒಯ್ದರೆ ಆಳ ಹೆಚ್ಚುವ ಬದಲು ಮೇಲಿನ ಇದ್ದಿಲು ಬೂದಿಯಾಗಿ ಉದುರುತ್ತದೆ. ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಬೂದಿ. ತಕ್ಷಣ ಆ ಜಾಗ ಬಿಡಿ.

ಗುಳಿಯ ಬುಡದಲ್ಲಿ 3 ಮಿ.ಮೀ. ದಾಟಿದ ಇದ್ದಿಲು ಎಳೆಗೆ ಅಡ್ಡಲಾಗಿ ಬಿರಿದು ಮೊಸಳೆ ಚರ್ಮದಂಥ ಚೌಕಗಳಾಗುತ್ತವೆ. ಇದ್ದಿಲು ದಪ್ಪವಾದಷ್ಟೂ ಚೌಕಗಳು ಸಾಮಾನ್ಯವಾಗಿ ದೊಡ್ಡವು. ಅವು ಬೇಕಿದ್ದರೆ ಆ ಭಾಗವನ್ನು ಆಮೇಲೆ ಬ್ರಷ್ ಮುಟ್ಟಿಸಬೇಡಿ. ಮೇಲಕ್ಕೆ ಹೋದಂತೆ ಸುಡುವುದನ್ನು ಕಡಿಮೆ ಮಾಡುತ್ತ, ಮೊನೆಯಲ್ಲಿ ಬರೀ ಕಂದು ಬಣ್ಣಕ್ಕೆ ನಿಲ್ಲಿಸಿ.

ಕೈ ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು: ಹಲಗೆಯ ಹಿಂದಿನಿಂದ ಹೊಗೆ, ಗಂಟಿನಿಂದ ಸುಂಯ್‌ಗುಟ್ಟುವ ಸದ್ದು, ಮಣ್ಣಿನ ಮರೆಯ ಅಡಿಯಿಂದ ನುಸುಳುವ ಜ್ವಾಲೆ, ಬಿರುಕಿನಾಳದಲ್ಲಿ ಉಸಿರಾಡಿದಂತೆ ಏರಿಳಿಯುವ ಕೆಂಪು.

7. ನಂದಿಸುವುದು

ಬಕೆಟ್ ನೀರು ಸುರಿಯಬೇಡಿ. ಬಿಸಿ ಇದ್ದಿಲ ಮೇಲೆ ಒಮ್ಮೆಗೇ ನೀರು ಬಿದ್ದರೆ ಚೌಕಗಳು ಎದ್ದು ಉದುರುತ್ತವೆ. ಬಕೆಟ್ ಇರುವುದು ಅವಘಡಕ್ಕೆ. ಮಂಜಿನ ಬಾಟಲಿಯಿಂದ ಎರಡು ಅಡಿ ದೂರದಿಂದ, ಕೆಂಪು ಕಂಡಲ್ಲಿ ಮಾತ್ರ ಚಿಮ್ಮಿಸಿ. ನಂತರ ಹಲಗೆಯನ್ನು ನೆರಳಿಗೆ ತಿರುಗಿಸಿ ಬಿರುಕುಗಳ ಮೇಲೆ ಮೆಲ್ಲಗೆ ಊದಿ: ಬಿಸಿಲಲ್ಲಿ ಕಾಣದ ಕೆಂಡ ನೆರಳಲ್ಲಿ ಕಾಣುತ್ತದೆ.

ನಾನು ಸುಟ್ಟ ಎರಡನೆಯ ಹಲಗೆಯ ಬುಡದಲ್ಲಿ ಹೆಬ್ಬೆರಳಿನಷ್ಟು ಕೊಳೆತ ಜಾಗವಿತ್ತು. ಮುಖ್ಯವಲ್ಲ ಎಂದುಕೊಂಡೆ. ಸಂಜೆಯ ಹೊತ್ತಿಗೆ ಹಲಗೆ ತಣ್ಣಗಿತ್ತು, ಹೊಗೆಯಿರಲಿಲ್ಲ, ಕಲ್ಲುಚಪ್ಪಡಿಯ ಮೇಲೆ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಆ ಜಾಗದಲ್ಲಿ ಮುಷ್ಟಿ ತೂರುವಷ್ಟು ತೂತು, ಸುತ್ತ ಬೂದಿ, ಅಂಚು ಇನ್ನೂ ಬೆಚ್ಚಗೆ. ಕೊಳೆತ ಮರ ಜ್ವಾಲೆಯಿಲ್ಲದೆ, ಹೆಚ್ಚು ಹೊಗೆಯೂ ಇಲ್ಲದೆ ಗಂಟೆಗಟ್ಟಲೆ ಕನಲುತ್ತದೆ. ಕಾಡ್ಗಿಚ್ಚು ಆರಿತೆಂದು ಎಲ್ಲರೂ ಮರಳಿದ ಮೇಲೆ ಕೊಳೆತ ದಿಮ್ಮಿ, ಬೇರುಗಳಿಂದ ಮತ್ತೆ ಏಳುವುದು ಹೀಗೆಯೇ. ಆ ಹಲಗೆಯನ್ನು ಮನೆಯೊಳಗೆ ಇಟ್ಟಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ.

ಆದ್ದರಿಂದ: ಮೊದಲ ನಾಲ್ಕು ಗಂಟೆ, ಗಂಟೆಗೊಮ್ಮೆ ಕೈಯ ಹಿಂಭಾಗವನ್ನು ಮೈಗೆ ಹತ್ತಿರ ತಂದು ಎಲ್ಲ ಕಡೆ ನೋಡಿ. ಒಂದು ಜಾಗ ಉಳಿದವಕ್ಕಿಂತ ಬೆಚ್ಚಗಿದ್ದರೆ ಅಲ್ಲಿ ಕೆಂಡವಿದೆ. ಚಂದ ಹಾಳಾದರೂ ಸರಿ, ನೀರು ಹನಿಸಿ. ಪೂರ್ತಿ 24 ಗಂಟೆ ಹೊರಗೆ, ಕಲ್ಲಿನ ಮೇಲೆ, ಯಾವುದಕ್ಕೂ ತಾಗದಂತೆ ಇರಲಿ.

8. ಉಜ್ಜುವುದು

ಮಣ್ಣಿನ ಮರೆ ತೆಗೆಯುವ ಮೊದಲೇ ಉಜ್ಜಿ. ಮರೆ ತೆಗೆದು ಉಜ್ಜಿದರೆ ಇದ್ದಿಲ ಪುಡಿಯೆಲ್ಲ ಬಿಳಿ ತುಟಿಗೆ.

ಗುಳಿಯ ಮೇಲ್ಭಾಗದಲ್ಲಿ ಹಿತ್ತಾಳೆ ಬ್ರಷ್ಷನ್ನು ಎಳೆಯ ಉದ್ದಕ್ಕೆ, ಮೇಲಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಅಡ್ಡ ಉಜ್ಜಿದರೆ ಏಣುಗಳು ಮುರಿಯುತ್ತವೆ. ಐದಾರು ಎಳೆತಕ್ಕೆ ಕಾಡಿಗೆ ಬಣ್ಣ ಹೋಗಿ ಬೆಳ್ಳಿ ಛಾಯೆಯ ಕಂದು ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ನಿಮ್ಮ ಕಣ್ಣಿಗೆ ಬಿಟ್ಟದ್ದು. ನಾನು ಸ್ವಲ್ಪ ಮೊದಲೇ ನಿಲ್ಲಿಸುತ್ತೇನೆ.

ಪುಡಿ ಎತ್ತಲು ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಒಂದೇ ಒಂದು ಕಿಡಿ ಅದರ ಚೀಲಕ್ಕೆ ಸೇರಿದರೆ ಸಾಕು. ಒದ್ದೆ ಬಟ್ಟೆಯಿಂದ ನೆಲ ಒರೆಸಿ.

9. ಮಸಿ ಕಟ್ಟುವುದು

ಬಿಳಿ ಭಾಗ ತೆರೆಯುವ ಮೊದಲು ಕಪ್ಪನ್ನು ಕಟ್ಟಿಹಾಕಬೇಕು. ಹೆಚ್ಚಿನವರ ಕೃತಿ ಕೆಡುವುದು ಈ ಕ್ರಮ ತಲೆಕೆಳಗಾಗಿ.

ಒಂದು ಲೀಟರ್ ಆಲ್ಕೋಹಾಲ್‌ಗೆ 120 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿ ಬಿಡಿ, ಬಟ್ಟೆಯಲ್ಲಿ ಸೋಸಿ, ಚಿಮ್ಮುವ ಬಾಟಲಿಗೆ ತುಂಬಿ. ಮೊಸಳೆ ಚರ್ಮದ ಭಾಗಕ್ಕೆ ಕುಂಚ ತಾಗಿಸಬೇಡಿ, ಚೌಕಗಳು ಕುಂಚದ ಜೊತೆ ಹೊರಡುತ್ತವೆ. ತೆಳುವಾಗಿ ಚಿಮ್ಮಿಸಿ, ಒಣಗಲು ಬಿಟ್ಟು, ಮತ್ತೊಮ್ಮೆ. ಮೂರನೆಯ ಸಲ ಹಾಕಿದರೆ ಇದ್ದಿಲು ಬೂಟ್ ಪಾಲಿಶ್ ಹಚ್ಚಿದಂತೆ ಹೊಳೆಯತೊಡಗುತ್ತದೆ. ಹೊಳಪೇ ಬೇಡವೆಂದರೆ ಪುರಾತನ ವಸ್ತುಗಳ ಸಂರಕ್ಷಕರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅನ್ನು ಅಸಿಟೋನ್‌ನಲ್ಲಿ ಶೇ. 5ರಷ್ಟು ಕರಗಿಸಿ ಹಾಕಬಹುದು. ಎರಡರ ಆವಿಗೂ ಬೆಂಕಿ ಹತ್ತುತ್ತದೆ. 24 ಗಂಟೆ ಮುಗಿಯದ ಹಲಗೆಗೆ ಇವನ್ನು ಚಿಮ್ಮಿಸುವುದು ಹುಚ್ಚು.

ಪರೀಕ್ಷೆ: ಬಿಳಿ ಬಟ್ಟೆಯನ್ನು ಹಗುರವಾಗಿ ಒತ್ತಿ ಎತ್ತಿ. ಕಲೆ ಬಂದರೆ ಇನ್ನೊಂದು ತೆಳು ಪದರ.

10. ಬಿಳಿಯನ್ನು ತೆರೆಯುವುದು

ಈಗ ಮಣ್ಣು, ಹಾಳೆ ತೆಗೆಯಿರಿ. ಕೈ ತೊಳೆಯಿರಿ. ಮೇಜು ಒರೆಸಿ. ಉಳಿಯನ್ನು ತೋಳಿನ ರೋಮ ಬೋಳಿಸುವಷ್ಟು ಹರಿತ ಮಾಡಿಕೊಳ್ಳಿ.

ಉಳಿಸಿದ್ದ 3 ಮಿ.ಮೀ. ಮೈಯನ್ನು ತೆಳು ಚಕ್ಕೆಗಳಾಗಿ ತೆಗೆಯುತ್ತ ಹೋಗಿ. ಪ್ರತಿ ಏಟೂ ಬಿಳಿಯಲ್ಲಿ ಶುರುವಾಗಿ ಕಪ್ಪಿನ ಕಡೆ ಮುಗಿಯಲಿ. ದಿಕ್ಕು ತಿರುವುಮುರುವಾದರೆ ಅಲಗಿಗಂಟಿದ ಮಸಿ ಬಿಳಿಯ ಮೇಲೆ ಎಳೆದುಕೊಂಡು ಬರುತ್ತದೆ. ಐದಾರು ಏಟಿಗೊಮ್ಮೆ ಅಲಗು ಒರೆಸಿ. ಉಪ್ಪುಕಾಗದ ಹಿಡಿಯಬೇಡಿ, ಅದು ಮಸಿಯನ್ನು ಮರದ ರಂಧ್ರಗಳಿಗೆ ತುರುಕುತ್ತದೆ, ಆಮೇಲೆ ಯಾವ ಉಪಾಯಕ್ಕೂ ಬರುವುದಿಲ್ಲ. ಹರಿತ ಉಳಿ ಬಿಟ್ಟ ಮೈಗೆ ಉಪ್ಪುಕಾಗದದ ಅಗತ್ಯವೂ ಇಲ್ಲ.

ತುಟಿ ಮತ್ತು ಗುಳಿ ಸೇರುವಲ್ಲಿ ಆ ಜೇನುಬಣ್ಣದ ಗೆರೆಯನ್ನು ಕೂದಲೆಳೆಯಷ್ಟಾದರೂ ಬಿಡಿ. ಪೂರ್ತಿ ತೆಗೆದರೆ ಬಣ್ಣ ಬಳಿದಂತೆ ಕಾಣುತ್ತದೆ.

11. ಕೊನೆಯ ಲೇಪ

ಬಿಳಿ ಭಾಗಕ್ಕೆ ಅಗಸೆ ಎಣ್ಣೆ ಬೇಡ, ತಿಂಗಳುಗಳಲ್ಲಿ ಹಳದಿಯಾಗುತ್ತದೆ. ನೀರು ಆಧಾರಿತ, ಹೊಳಪಿಲ್ಲದ ತೆಳು ಲೇಪ ಸಾಕು. ಎಣ್ಣೆಯನ್ನು ಹಿಂಬದಿಗೆ ಬೇಕಾದರೆ ಹಚ್ಚಿ.

ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖಕ್ಕೆ ಹೊರದಾರಿಯಿಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ, ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ. ಟಾರ್ಚಿನ ಮುಂದೆ ಎಚ್ಚರವಾಗಿದ್ದವರು ಇಲ್ಲಿ ಮೈಮರೆಯುತ್ತಾರೆ.

12. ತೂಗುಹಾಕುವುದು

ಮರ ಋತುವಿಗೆ ತಕ್ಕಂತೆ ಅಗಲದಲ್ಲಿ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ, 25 ಸೆಂ.ಮೀ. ಹಲಗೆಯಲ್ಲಿ ಕೆಲವು ಮಿ.ಮೀ. ಹಿಂಬದಿಗೆ ಅಡ್ಡಪಟ್ಟಿಯನ್ನು ಅಂಟಿನಿಂದ ಕೂರಿಸಿದರೆ ಮೊದಲ ಒಣಹವೆಗೇ ಸೀಳು ಬೀಳುತ್ತದೆ. ಪಟ್ಟಿಯ ನಡುವಿನ ಸ್ಕ್ರೂ ಗಟ್ಟಿಯಾಗಿರಲಿ, ಅಕ್ಕಪಕ್ಕದವಕ್ಕೆ ಉದ್ದನೆಯ ತೂತು ಕೊರೆದು ಸರಿದಾಡಲು ಬಿಡಿ. ಪಟ್ಟಿಯ ಅಂಚನ್ನು 45 ಡಿಗ್ರಿ ಓರೆ ಕೊಯ್ದು, ಗೋಡೆಯಲ್ಲಿ ಅದೇ ಓರೆಯ ಇನ್ನೊಂದು ಪಟ್ಟಿಗೆ ಸಿಕ್ಕಿಸಿದರೆ ಎತ್ತಿ ಇಳಿಸುವುದು ಸುಲಭ.

ನೇರ ಬಿಸಿಲು ಬೀಳುವ ಗೋಡೆ ಬೇಡ, ಬಿಳಿ ತುಟಿ ಕಂದುತ್ತದೆ. ಧೂಳಿಗೆ ಬಟ್ಟೆ ಹಾಕಬೇಡಿ; ಮೆತ್ತನೆಯ ಒಣ ಕುಂಚದಿಂದ, ಮತ್ತೆ ಬಿಳಿಯಿಂದ ಕಪ್ಪಿನ ಕಡೆಗೇ. ಮೊದಲ ಒಂದೆರಡು ತಿಂಗಳು ಗೋಡೆಯಡಿ ಚೌಕಗಳ ಸಣ್ಣ ಚೂರು ಬೀಳಬಹುದು. ಆಮೇಲೂ ಬೀಳುತ್ತಿದ್ದರೆ ಕೆಳಗಿಳಿಸಿ, ಹೊರಗೆ ಒಯ್ದು, ತುಟಿಗಳಿಗೆ ಕಾಗದದ ಮರೆ ಕಟ್ಟಿ ಒಂಬತ್ತನೇ ಹಂತ ಇನ್ನೊಮ್ಮೆ ಮಾಡಿ.